ಸರಗೂರವ್ವನ ಹೆಸರು ಹುಡುಕಿಕೊಂಡು

ಮೊನ್ನೆ ಮಾರಲಮಿ ಹಬ್ಬಕ್ಕೆಂದು ಅಟ್ಟದಿಂದ ಹಿತ್ತಾಳೆಯ ದೊಡ್ಡ ತಪ್ಪಲೆಯನ್ನು ಇಳಿಸಿದೆ. ವರ್ಷಕ್ಕೊಂದೇ ಸಲ ಕೆಳಗಿಳಿಯುವ ಪಾತ್ರೆ ಅದು. ಹುಣಸೆಹಣ್ಣು, ಉಪ್ಪು ಇಟ್ಟುಕೊಂಡು ಬಚ್ಚಲಲ್ಲಿ ತೊಳೆಯಲು ಕೂತು ಒಳಗೆ ಕೈ ಹಾಕಿದರೆ ತಳದಲ್ಲಿ ಒಂದು ಕಾಗದ. ನಾಲ್ಕು ಮಡಿಕೆ, ಒಂದು ಮೂಲೆಗೆ ಎಣ್ಣೆ ಕಲೆ, ಇನ್ನೊಂದು ಮೂಲೆಗೆ ಅರಿಶಿನ. ಬಿಡಿಸುವುದಕ್ಕೆ ಮೊದಲೇ ಧೂಪದ ವಾಸನೆ ಮೂಗಿಗೆ ಬಂತು. ಒಂದು ವರ್ಷ ಕತ್ತಲಲ್ಲಿ ಕೂತಿದ್ದರೂ ಹೋಗಿರಲಿಲ್ಲ ನೋಡಿ ಆ ವಾಸನೆ.

ಅದೊಂದು ಪಹಣಿ. ಯಾವ ಜಮೀನು ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರ್ಕಾರಿ ಹಾಳೆ. ಎಲ್ಲರ ಮನೆಯಲ್ಲೂ ಪಹಣಿ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಬೀಗದ ಹಿಂದೆ ಇರುತ್ತದೆ. ನಮ್ಮತ್ತೆ ಇದನ್ನು ಕಡುಬು ಬೇಯಿಸುವ ತಪ್ಪಲೆಯಲ್ಲಿ ಇಟ್ಟಿದ್ದಾರೆ. ಅದಿರಲಿ, ಅದರಲ್ಲಿರುವ ಜಮೀನು ನಮ್ಮದೂ ಅಲ್ಲ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಎಂಬತ್ತರ ಆಸುಪಾಸು. ತವರು ಗುರುಪುರ, ಸೇರಿದ್ದು ಹುಣಸೂರಿನ ಈ ಮನೆ. ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿದೆ. ಓಲೆ ನಿಲ್ಲುವುದಿಲ್ಲವೆಂದು ಯಾವಾಗಲೂ ಆ ಕಡೆಗೆ ಸೆರಗು ಹೊದೆಯುತ್ತಾರೆ. ಹೇಗೆ ಹರಿಯಿತು ಎಂದು ಕೇಳಿದರೆ, "ನಂಗೆ ಬುದ್ಧಿ ಬಂದಾಗ್ನಿಂದ ಇಂಗೇ ಅದೆ" ಅನ್ನುತ್ತಾರೆ.

ನಮ್ಮ ಕಡೆ ಸೊಸೆಯರಿಗೆ ಹೆಸರಿರುವುದಿಲ್ಲ ಎಂದರೆ ನೀವು ನಗಬೇಡಿ. ಹೆಸರು ಇರುತ್ತದೆ, ಲಗ್ನಪತ್ರಿಕೆಯಲ್ಲೂ ಅಚ್ಚಾಗಿರುತ್ತದೆ. ಆದರೆ ಹೊಸಿಲು ದಾಟಿ ಒಳಗೆ ಬಂದ ಮರುಗಳಿಗೆ ಅವಳ ಊರೇ ಅವಳ ಹೆಸರು. ನನ್ನ ಓರಗಿತ್ತಿ ಪಿರಿಯಾಪಟ್ಟಣದೋಳು. ನಾನು ಕೆ.ಆರ್. ನಗರದ ಕಡೆಯವಳು, ಅತ್ತೆಯ ಬಾಯಲ್ಲಿ ಆ ಊರಿಗೆ ಇವತ್ತಿಗೂ ಹಳೆಯ ಹೆಸರೇ, ಎಡತೊರೆ. ಹಾಗಾಗಿ ಮೂವತ್ತು ವರ್ಷದಿಂದ ನಾನು ಎಡತೊರೆಯೋಳು. "ಎಡತೊರೆಯೋಳೇ, ಹಾಲು ಉಕ್ತದೆ ನೋಡು" ಎಂದು ಕೂಗಿದರೆ ಇಡೀ ಒಂದು ತಾಲ್ಲೂಕು ಎದ್ದು ಓಡಿದ ಹಾಗೆ ನಾನು ಓಡುತ್ತೇನೆ.

ಅತ್ತೆಯ ತಾಯಿಗೂ ಇದೇ ಆಯಿತು. ಗುರುಪುರದ ಮನೆಗೆ ಸೊಸೆಯಾಗಿ ಬಂದ ಆಕೆ ಸರಗೂರವ್ವ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡರಂತೆ. ಅಪ್ಪನಿಗೆ ಎರಡನೇ ಮದುವೆಯಾಯಿತು, ಸರಗೂರಿನ ಕಡೆಯ ನಂಟು ಸವೆದುಹೋಯಿತು. ಅಪ್ಪನೋ, ಹೆಂಡತಿಯ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಗುರುಪುರದಲ್ಲಿರುವ ಅತ್ತೆಯ ತಮ್ಮನಿಗೆ ಫೋನು ಮಾಡಿ ಕೇಳಿದಾಗ ಅವರು ಗದರಿದರು: "ಸರಗೂರವ್ವ ಅಂದ್ರೆ ಸರಗೂರವ್ವ ಕಣಮ್ಮ. ಅವ್ರಿಗೆ ಇನ್ನೊಂದು ಹೆಸ್ರು ಯಾತಕ್ಕೆ?"

ಯಾತಕ್ಕೆ ಎಂಬುದು ಗೊತ್ತಾಗಿದ್ದು ಎರಡು ವರ್ಷದ ಹಿಂದಿನ ಮಾರಲಮಿಯಲ್ಲಿ. ಆ ಹಬ್ಬದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆ, ಕಡುಬು, ಕಜ್ಜಾಯ, ಪಾಯಸ, ಅವರವರು ಇಷ್ಟಪಡುತ್ತಿದ್ದ ಪಲ್ಯ. ಆಮೇಲೆ ಕೆಂಡದ ಮೇಲೆ ಧೂಪ ಹಾಕುತ್ತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಗಂಡನ ಮನೆಯ ಹಿರಿಯರ ಎಲೆಗಳೆಲ್ಲ ಸಾಲಾಗಿ ಮುಗಿದ ಮೇಲೆ, ಮೂಲೆಯಲ್ಲಿ ಒಂದು ಸಣ್ಣ ಎಲೆಯನ್ನು ಅತ್ತೆ ತಾವೇ ಹಾಕುತ್ತಾರೆ. ಅದು ಅವರ ಅವ್ವನದು. ಆ ವರ್ಷ ಧೂಪ ಹಿಡಿದುಕೊಂಡು ಆ ಎಲೆಯ ಮುಂದೆ ನಿಂತವರು ಕರೆಯಲೇ ಇಲ್ಲ.

"ಯಾಕತ್ತೆ, ಕರೀರಿ" ಅಂದೆ.

"ಸರಗೂರವ್ವಾ ಬಾ ಅಂದ್ರೆ ಸರಗೂರ್ನಲ್ಲಿರೋ ಅವ್ವಂದಿರೆಲ್ಲ ಬಂದು ಉಂಡೋಯ್ತರೆ ಕಣೆ. ನಮ್ಮವ್ವ ಇಂದುಗಡೆ ನಿಂತ್ಕಂಡು ನೋಡ್ತಾ ಇರ್ತಳೆ. ಅವ್ಳಿಗೆ ನುಗ್ಗಕ್ಕೆ ಬರಾಕಿಲ್ಲ."

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ನಕ್ಕಾದ ಮೇಲೆ, "ಸಾಯೋದ್ರೊಳಗೆ ಒಂದ್ಸಲ ಅವ್ಳ ಹೆಸ್ರಿಡ್ಕಂಡು ಕರೀಬೇಕು ಅಂತ ಆಸೆ" ಅಂದರು. ಅಷ್ಟು ಹೇಳಿ ಕೆಂಡಕ್ಕೆ ಧೂಪ ಹಾಕಿದರು. ಆ ಎಲೆಯ ಮುಂದೆ ಸುಮ್ಮನೆ ಕೈ ಮುಗಿದರು.

ನನ್ನ ಸ್ವಭಾವ ನಿಮಗೆ ಹೇಳಬೇಕು. ಗ್ಯಾಸ್ ಸಿಲಿಂಡರ್ ಬಂದ ದಿನ, ಉಪ್ಪಿನಕಾಯಿ ಹಾಕಿದ ದಿನ, ಹೂವಿನವಳು ಬಾರದ ದಿನ, ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವವಳು ನಾನು. ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಅಂಥವಳ ಮನೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಕಳೆದುಹೋಗಿದೆ ಎಂದರೆ ಸುಮ್ಮನಿರಲು ಆಗುತ್ತದೆಯೇ? ಹುಡುಕಿಯೇ ಬಿಡೋಣ ಎಂದು ಫೋನು ಹಿಡಿದು ಕೂತೆ.

ಮೊದಲ ದಿನ "ಸರಗೂರವ್ವ" ಎಂದು ಟೈಪು ಮಾಡಿದೆ. ಸರಗೂರಿನ ಹವಾಮಾನ ಬಂತು. ಬಸ್ಸಿನ ವೇಳೆ ಬಂತು. ಮಾರಾಟಕ್ಕಿರುವ ಸೈಟು ಬಂತು. ಎರಡನೆಯ ದಿನ ವಂಶವೃಕ್ಷ ಹುಡುಕಿಕೊಡುವ ವಿದೇಶದ ಜಾಲತಾಣವೊಂದು ಸಿಕ್ಕಿತು. ಚೆಂದದ ಮರದ ಚಿತ್ರ, ಕೊಂಬೆಗೊಂದು ಚೌಕಟ್ಟು. ಅದು ಮೊದಲು ಮನೆತನದ ಹೆಸರು ಕೇಳಿತು. ನಮಗೆ ಇರುವುದು ಇನಿಷಿಯಲ್ಲು. ಆಮೇಲೆ ಹೆಸರು ಕೇಳಿತು. ಅದೇ ಗೊತ್ತಿದ್ದರೆ ನಾನೇಕೆ ಬರುತ್ತಿದ್ದೆ? ಹುಟ್ಟಿದ ತಾರೀಖು ಕೇಳಿತು. ನಮ್ಮ ಹಿರಿಯರು ಹೇಳುವ ಹಾಗೆ "ಹುಚ್ಚೆಳ್ಳು ಹೂ ಬಿಟ್ಟಿದ್ದಾಗ" ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಖಾಲಿ ಬಿಟ್ಟು ಎದ್ದೆ. ಇವತ್ತಿಗೂ ಆ ಜಾಲತಾಣದಿಂದ ನನ್ನ ಫೋನಿಗೆ ಕಾಗದ ಬರುತ್ತದೆ, ನಿಮ್ಮ ಪೂರ್ವಜರು ನಿಮಗಾಗಿ ಕಾಯುತ್ತಿದ್ದಾರೆ ಎಂದು.

ಬಸ್‌ಸ್ಟ್ಯಾಂಡಿನ ಹತ್ತಿರ ನಯಾಜ್ ಭಾಯಿಯ ಜೆರಾಕ್ಸ್ ಅಂಗಡಿ ಇದೆ. ನನ್ನ ವಯಸ್ಸಿನವರೇ. ಅವರ ತಂದೆ ಅದೇ ಮಳಿಗೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ನನ್ನ ಪಾಡು ಕೇಳಿ ಅವರು ಪಹಣಿ ನೋಡುವ ಸರ್ಕಾರಿ ಜಾಲತಾಣವನ್ನು ತೋರಿಸಿಕೊಟ್ಟರು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಒಂದೊಂದೇ ಒತ್ತುತ್ತ ಹೋದರೆ ಮನೆಯಲ್ಲೇ ಕೂತು ಯಾರ ಹೊಲ ಬೇಕಾದರೂ ನೋಡಬಹುದು. ಗುರುಪುರಕ್ಕೆ ಹೋದೆ. ಅತ್ತೆಯ ಅಪ್ಪ ಸಿಕ್ಕರು: ಬಸಪ್ಪ ಬಿನ್ ಮಾದಪ್ಪ. ಸಂತೋಷವಾಯಿತು. ಪಕ್ಕದ ಹೊಲದಲ್ಲಿ ಮಾದಪ್ಪ ಬಿನ್ ಬಸಪ್ಪ. ಅದರಾಚೆ ಮತ್ತೆ ಬಸಪ್ಪ ಬಿನ್ ಮಾದಪ್ಪ. ತಾತನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಒಂದೇ ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾಯಿತು. ಹೆಂಗಸರ ಹೆಸರು ಮಾತ್ರ ಒಂದೂ ಇಲ್ಲ.

"ಅಕ್ಕಾ, ಗಂಡನ ಊರಿನ ಪಹಣೀಲಿ ಹೆಣ್ಮಕ್ಳು ಎಲ್ಲಿ ಸಿಗ್ತಾರೆ?" ಅಂದರು ನಯಾಜ್ ಭಾಯಿ. "ದಿನಾ ನೂರು ಪಹಣಿ ತೆಗೀತೀನಿ, ನಂಗೊತ್ತಿಲ್ವಾ? ತವರೂರಲ್ಲಿ ಹುಡ್ಕಿ. ಅರಿಶಿನ ಕುಂಕುಮಕ್ಕೆ ಅಂತ ಅಪ್ಪ ಮಗಳ ಹೆಸ್ರಿಗೆ ಒಂದು ತುಂಡು ಬರ್ಸಿರ್ತಾನೆ ಕೆಲವು ಕಡೆ. ನಸೀಬಿದ್ರೆ ಸಿಕ್ತದೆ."

ಅರಿಶಿನ ಕುಂಕುಮಕ್ಕೆ ಬಿಡುವುದು ಎಂದರೆ ನಿಮಗೆ ಗೊತ್ತಿರಬಹುದು. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಒಂದು ಹಲಸಿನ ಮರವನ್ನೋ ಒಂದು ಕರುವನ್ನೋ ಒಂದು ತುಂಡು ಹೊಲವನ್ನೋ ಅವಳದೆಂದು ಬಿಡುತ್ತಾರೆ. ಬೆಳೆದದ್ದು ವರ್ಷಕ್ಕೊಮ್ಮೆ ಅವಳಿಗೆ ಹೋಗಬೇಕು.

ಸರಿ, ಸರಗೂರಿಗೆ ಇಳಿದೆ. ಆ ಊರಿಗೆ ಈಗ ತನ್ನದೇ ಒಂದು ತಾಲ್ಲೂಕು, ಮೊದಲು ಕೋಟೆ ತಾಲ್ಲೂಕಿನಲ್ಲಿತ್ತು. ಹಾಗಾಗಿ ಹಳೆಯ ನಕ್ಷೆಗಳನ್ನು ಎಚ್.ಡಿ. ಕೋಟೆಯ ಕೆಳಗೆ, ಹೊಸ ಪಹಣಿಗಳನ್ನು ಸರಗೂರಿನ ಕೆಳಗೆ ಹುಡುಕಬೇಕು ಎಂದು ಕಲಿಯಲಿಕ್ಕೇ ಒಂದು ವಾರ ಹಿಡಿಯಿತು. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ದಿನಕ್ಕೆ ಐದಾರು ಸರ್ವೆ ನಂಬರು. ನೋಡಿದ್ದಕ್ಕೆ ನೋಟುಪುಸ್ತಕದಲ್ಲಿ ಒಂದು ಗೀಟು. ಯುಗಾದಿ ಬಂತು, ಹೋಯಿತು. ಬಸಪ್ಪನ ಹೆಂಡತಿ ಎಂದು ಒಬ್ಬರೂ ಸಿಗಲಿಲ್ಲ.

ಹೀಗಿರುವಾಗ ಒಂದು ದಿನ ಅತ್ತೆಯ ಪರಿಚಯದ ಹೆಂಗಸೊಬ್ಬರು ಮನೆಗೆ ಬಂದರು. ಕಾಫಿ ಕೊಟ್ಟೆ. "ನಿಮ್ ಸೊಸೆ ಯಾವೂರು?" ಎಂದು ಕೇಳಿದರು. "ಎಡತೊರೆ" ಅಂದರು ಅತ್ತೆ. ನಾನು ರೂಢಿಯಂತೆ ತಿದ್ದಿದೆ: "ಎಡತೊರೆ ಅಲ್ಲ ಕಣ್ರೀ, ಅಲ್ಲಿಂದ ಐದು ಮೈಲಿ ಒಳಗೆ, ಸಣ್ಣ ಹಳ್ಳಿ. ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ..."

ಅಲ್ಲಿಗೇ ನನ್ನ ಮಾತು ನಿಂತಿತು. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಮೂವತ್ತು ವರ್ಷದಿಂದ ಹುಟ್ಟದ ಊರಿನ ಹೆಸರು ಹೊತ್ತುಕೊಂಡು ತಿರುಗುತ್ತಿರುವವಳು ನಾನು. ಸರಗೂರವ್ವ ಸರಗೂರಿನವಳೇ ಇರಬೇಕೆಂದು ಆರು ತಿಂಗಳು ನಂಬಿಕೊಂಡಿದ್ದೆನಲ್ಲ! ನನ್ನ ದಡ್ಡತನಕ್ಕೆ ನಾನೇ ನಗುತ್ತ ಅಡುಗೆಮನೆಗೆ ಹೋದರೆ ಬಂದವರು ಅತ್ತೆಯನ್ನು ಮೆಲ್ಲಗೆ ಕೇಳುತ್ತಿದ್ದರು, "ಸೊಸೆಗೆ ಉಸಾರಿಲ್ವಾ?"

ಅವರು ಹೋದ ಮೇಲೆ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ ಕೇಳಿದೆ. ಅವ್ವ ಸತ್ತ ಮೇಲೂ ಒಂದು ಸಲ ಅಪ್ಪ ಅವಳ ತವರಿಗೆ ಕರೆದುಕೊಂಡು ಹೋಗಿದ್ದರಂತೆ. ಸರಗೂರಿನಲ್ಲಿ ಬಸ್ಸಿಳಿದು, ಅಲ್ಲಿಂದ ನಡೆದದ್ದು.

ಫೋನಿನಲ್ಲಿ ಮೇಲಿನಿಂದ ಭೂಮಿ ಕಾಣುವ ನಕ್ಷೆ ತೆರೆದು ಅವರ ಮುಂದೆ ಹಿಡಿದೆ. "ಇಳೀರಿ ಅತ್ತೆ, ಸರಗೂರು ಬಂತು."

"ಇದೇನೇ, ಬರೀ ತಗಡು ಕಾಣ್ತದೆ?"

"ಮೇಲಿಂದ ನೋಡ್ತಾ ಇದೀವಿ. ಹದ್ದಿನ ಥರ."

"ಹದ್ದಿಗೆ ದಾರಿ ಯಾಕ್ಬೇಕು, ಆರ್ಕಂಡು ಓಯ್ತದೆ. ನಾನು ನೆಲದ ಮ್ಯಾಲೆ ನಡ್ಕಂಡು ಓದೋಳು."

"ಯಾವ ಕಡೆ ನಡೆದ್ರಿ, ಹೇಳಿ."

ಕಣ್ಣು ಮುಚ್ಚಿದರು. "ಬೆಳಿಗ್ಗೆ. ಬಿಸಿಲು ಬೆನ್ನಿಗೆ ಒಡೀತಿತ್ತು." ಅಂದರೆ ಪಡುವಣಕ್ಕೆ. ಬೆರಳಿನಿಂದ ನಕ್ಷೆಯನ್ನು ಪಡುವಣಕ್ಕೆ ಎಳೆದೆ. "ಬಲಗಡೆ ಕೆರೆ. ಕೆರೆ ಏರಿ ಮ್ಯಾಲೆ ಅಪ್ಪ ನನ್ನ ಎಗಲ ಮ್ಯಾಲೆ ಕೂರಿಸ್ಕಂಡ. ಏರಿ ಮುಗಿದ ತಾವ ಎರಡು ಹುಣಸೆ ಮರ." ನಕ್ಷೆಯಲ್ಲಿ ಕೆರೆಯೇ ಇಲ್ಲ, ಬರೀ ಹಸಿರು ಗದ್ದೆ. ನಾನು ಇಳಿಸಿಟ್ಟುಕೊಂಡಿದ್ದ ಹಳೆಯ ಗ್ರಾಮನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದೇ ಜಾಗದಲ್ಲಿ ಬಿಲ್ಲಿನಂತೆ ಬಾಗಿದ ಏರಿಯ ಗೆರೆ! ಮುಂದಕ್ಕೆ ಎಳೆಯಲು ಹೋದೆ. "ತಡಿಯೇ, ಒಸಿ ಕೂತ್ಕಳಣ, ಕಾಲು ನೋಯ್ತದೆ" ಅಂದರು. ಜಗಲಿಯಲ್ಲಿ ಕೂತೇ ಇದ್ದವರು. ನಾನೂ ತಡೆದೆ. ಇಬ್ಬರೂ ಎರಡು ನಿಮಿಷ ಏರಿಯ ಮೇಲೆ ಕೂತೆವು. ಆಮೇಲೆ ಎದ್ದು ಏರಿ ಮುಗಿಸಿದರೆ ಒಂದು ಸಣ್ಣ ಊರು. ಹೆಸರು ಓದಿದೆ: ಕಟ್ಟೆಹುಂಡಿ.

"ಕಟ್ಟೆಹುಂಡಿ ಮಾವ!" ಎಂದು ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. "ಬೆಲ್ಲ ತತ್ತಿದ್ದ ಕಣೆ. ಅಂಗವಸ್ತ್ರದಲ್ಲಿ ಕಟ್ಕಂಡು."

ಕಟ್ಟೆಹುಂಡಿ ಸಣ್ಣ ಊರು, ತೊಂಬತ್ತು ಚಿಲ್ಲರೆ ಸರ್ವೆ ನಂಬರು. ಅರವತ್ತಮೂರನೆಯದನ್ನು ಒತ್ತಿದಾಗ ನಾಲ್ಕು ಹೆಸರು ಬಂದವು. ಮೂರು ಗಂಡಸರದು. ನಾಲ್ಕನೆಯದು: ಚೆನ್ನಾಜಮ್ಮ ಕೋಂ ಬಸಪ್ಪ, ಅಂದರೆ ಬಸಪ್ಪನ ಹೆಂಡತಿ. ಹನ್ನೊಂದು ಗುಂಟೆ.

ಸತ್ತವರ ಹೆಸರಿನಿಂದ ಇದ್ದವರ ಹೆಸರಿಗೆ ಜಮೀನು ಬರೆಸಿಕೊಳ್ಳುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದನ್ನು ಮಾಡಿಸದೆ ದಶಕಗಟ್ಟಲೆ ಬಿಡುವ ನಮ್ಮ ಜನರ ಸೋಮಾರಿತನವನ್ನು ಬೈಯದವರಿಲ್ಲ. ನಾನಂತೂ ಇನ್ನು ಬೈಯುವುದಿಲ್ಲ. ಎಪ್ಪತ್ತೈದು ವರ್ಷದ ಹಿಂದೆ ತೀರಿಕೊಂಡ ಹೆಣ್ಣುಮಗಳು ಪಹಣಿಯ ಬೆಳೆ ಕಲಮಿನಲ್ಲಿ ಇನ್ನೂ ಹುರುಳಿ ಬೆಳೆಯುತ್ತಿದ್ದಾಳೆ! ಫೋನು ಹಿಡಿದು ಹಿತ್ತಿಲಿಗೆ ಓಡಿದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು.

ಹೆಸರು ಕೇಳಿ ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದರು. ಆಮೇಲೆ, "ಬಸಪ್ಪಂದಿರು ಊರಿಗೆ ಅತ್ತು ಜನ ಅವ್ರೆ. ಇನ್ಯಾರದೋ ಅವ್ವನ್ನ ಕರುದ್ಬುಟ್ರೆ? ಕೇಳ್ಕಂಡೇ ಬರಾಣ, ನಡಿ" ಅಂದರು.

ನಯಾಜ್ ಭಾಯಿ ಪಹಣಿಯನ್ನು ಒಳ್ಳೆ ಕಾಗದದಲ್ಲಿ ತೆಗೆದುಕೊಟ್ಟರು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಾಯಿಸಿ ಸರಗೂರು, ಅಲ್ಲಿಂದ ಆಟೊ. ಕೆರೆ ಇದ್ದ ಜಾಗದಲ್ಲಿ ಅತ್ತೆ ಆಟೊ ನಿಲ್ಲಿಸಿ ಕೆಳಗಿಳಿದು ನಿಂತು ನೋಡಿದರು. ಹುಣಸೆ ಮರ ಒಂದು ಉಳಿದಿತ್ತು.

ಆ ಹೊಲ ಉಳುತ್ತಿದ್ದವರು ಮಹದೇವಪ್ಪ, ಎಪ್ಪತ್ತರ ಹತ್ತಿರದವರು. ಬಾಗಿಲಲ್ಲಿ ನಗುನಗುತ್ತಲೇ ಕೂರಿಸಿದರು. ನಾನು ಬುದ್ಧಿಗೇಡಿ, ಮಾತಿಗೆ ಮೊದಲೇ ಚೀಲದಿಂದ ಪಹಣಿ ತೆಗೆದೆ. ಅದನ್ನು ನೋಡಿದ್ದೇ ತಡ, ನೀರು ತರುತ್ತಿದ್ದ ಅವರ ಹೆಂಡತಿ ಚೊಂಬು ಹಿಡಿದು ನಡುಮನೆಯಲ್ಲೇ ನಿಂತುಬಿಟ್ಟರು.

"ಏನ್ರವ್ವ, ಭಾಗ ಕೇಳಕ್ಕೆ ಬಂದ್ರಾ?" ಅಂದರು ಮಹದೇವಪ್ಪ.

"ಒಲ ನೀನೇ ಉತ್ಕ ಕಣಪ್ಪ" ಅಂದರು ಅತ್ತೆ. "ಈ ಮುದುಕಿ ಅನ್ನೊಂದು ಗುಂಟೆ ತಗಂಡೋಗಿ ಎಲ್ಲಿ ಮಡಗ್ಲಿ? ಇದ್ರಲ್ಲಿರೋ ಚೆನ್ನಾಜಮ್ಮ ಯಾರು ಅಂತ ಏಳು, ಸಾಕು."

"ನಮ್ಮಪ್ಪನ ಅಕ್ಕ. ಗುರುಪುರದ ಬಸಪ್ಪಂಗೆ ಕೊಟ್ಟಿದ್ರಂತೆ. ಚಿಕ್ ವಯಸ್ಸಲ್ಲೇ ಓಗ್ಬುಟ್ರು. ನೀವ್ಯಾರು?"

"ಅವ್ಳ ಮಗಳು."

ಮಹದೇವಪ್ಪ ಅತ್ತೆಯನ್ನೇ ನೋಡಿದರು. ಊರೂರು ತಿರುಗಿ ಸುಳ್ಳು ಹೇಳುವವರ ಕಾಲ; ಅವರ ಅನುಮಾನವೂ ತಪ್ಪಲ್ಲ. "ಅಂಗಾದ್ರೆ ಎಡಗಿವಿ ತೋರ್ಸಿ" ಅಂದರು.

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಮೆಲ್ಲಗೆ ಸೆರಗು ಸರಿಸಿದರು.

"ಅಯ್ಯೋ ಶಿವನೇ!" ಮಹದೇವಪ್ಪ ಎದ್ದು ನಿಂತರು. "ಲೇ, ಇವ್ರೇ ಕಣೇ! ಇದೇ ಅಂಗಳದಲ್ಲಿ ಕಟ್ಟಿದ್ದ ಕರ ಓಲೆ ಕಚ್ಚಿ ಎಳೆದು ಕಿವಿ ಅರೀತಂತೆ. ಮೊಗಾ ಅಳ್ನಿಲ್ವಂತೆ, ಕರೀನ್ಗೇ ತಿರುಗ್ಸಿ ಒಂದು ಕೊಡ್ತಂತೆ. ನಮ್ಮಪ್ಪ ಸಾಯೋಗಂಟ ಏಳಿ ಏಳಿ ನಗ್ತಿದ್ದ." ಚೊಂಬು ಈಗ ಮುಂದಕ್ಕೆ ಬಂತು, ಹಿಂದೆಯೇ ಬೆಲ್ಲವೂ ಬಂತು. "ನಿಮ್ಮನ್ನ ನಮ್ಮಣ್ಣಂಗೆ ತಂದ್ಕಬೇಕು ಅಂತಿದ್ದ ನಮ್ಮಪ್ಪ, ಅತ್ತಿಗೆ."

"ತಪ್ಪಿಸ್ಕಂಡೆ ಬುಡು" ಅಂದರು ಅತ್ತೆ. ಹಾಗೆಂದು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೆ ಕಣ್ಣು ಒರೆಸಿಕೊಂಡರು.

ಹೊಲ ತೋರಿಸಿದರು. ಮೂಡಣ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಅದರ ನೆತ್ತಿಯಲ್ಲಿ ಮಳೆಗೆ ಮಾಸಿದ ಅರಿಶಿನ, ಕುಂಕುಮ. "ಬಿತ್ತಕ್ಕೆ ಮೊದ್ಲು ನಮ್ಮಪ್ಪ ಇಲ್ಲಿ ಅರಿಶಿನ ಕುಂಕುಮ ಇಡ್ತಿದ್ದ. ಯಾಕೆ ಅಂತ ನಾನು ಕೇಳ್ನಿಲ್ಲ, ಅವ್ನು ಏಳ್ನಿಲ್ಲ. ನಾನೂ ಇಡ್ತೀನಿ" ಅಂದರು ಮಹದೇವಪ್ಪ. ಪಡೆಯಬೇಕಾದ ಅಕ್ಕ ಹೋಗಿಬಿಟ್ಟ ಮೇಲೂ ಆ ತಮ್ಮ ಒಂದು ವರ್ಷವೂ ತಪ್ಪಿಸಿರಲಿಲ್ಲ. ಅತ್ತೆ ಆ ಕಲ್ಲಿನ ಮೇಲೆ ಕೈಯಿಟ್ಟು, "ಚೆನ್ನಾಜಮ್ಮ" ಎಂದರು. ಕರೆಯಲಿಲ್ಲ, ಹೊಸ ಬಳೆ ತೊಟ್ಟು ಕೈ ತಿರುಗಿಸಿ ನೋಡುವ ಹಾಗೆ ಸುಮ್ಮನೆ ಹೇಳಿ ನೋಡಿದರು. "ಚೆನ್ನಾಜಮ್ಮನ ಮಗಳು ನಾನು."

ಹೊರಡುವಾಗ ಅತ್ತೆಯ ಮಡಿಲಿಗೆ ಮೂರು ಸೇರು ಹುರುಳಿ ಬಿತ್ತು. "ಪೌತಿ ಖಾತೆ ಮಾಡ್ಸಿ ಅಂತ ಎಲ್ಲಾ ಏಳ್ತಾವ್ರೆ. ನಾನಿರೋಗಂಟ ಮಾಡ್ಸಾಕಿಲ್ಲ, ಓಗಿ ಬನ್ನಿ" ಎಂದರು ಮಹದೇವಪ್ಪ.

ಹೋದ ವರ್ಷದ ಮಾರಲಮಿಯಲ್ಲಿ ಅವ್ವನ ಎಲೆ ಮೂಲೆಯಿಂದ ಸಾಲಿಗೆ ಬಂತು. ಎಲೆಯ ಮೇಲೆ ಆ ಹುರುಳಿಯದೇ ಬಸ್ಸಾರು, ಎಲೆಯ ಪಕ್ಕ ಈ ಪಹಣಿ. ಅತ್ತೆ ಧೂಪ ಹಾಕಿದರು. ಹೊಗೆ ಏಳುವವರೆಗೆ ಕಾದು, ಹಿತ್ತಿಲಿಗೂ ಕೇಳುವ ಹಾಗೆ ಕೂಗಿದರು: "ಚೆನ್ನಾಜವ್ವಾ, ಬಾರವ್ವ! ನಿನ್ನೊಲದ ಉಳ್ಳಿ." ಒಂದು ಉಸಿರು ಬಿಟ್ಟು, ಬಾಗಿಲ ಕಡೆ ತಿರುಗಿ, "ಸರಗೂರೋರೆಲ್ಲ ಒಸಿ ಆಚೇಲಿ ನಿಂತ್ಕಳಿ" ಅಂದರು.

ಮೊನ್ನೆ ತಪ್ಪಲೆಯಿಂದ ಎದ್ದು ಬಂದ ಹಾಳೆಯನ್ನು ಹಿಡಿದು, "ಇದನ್ನ ಬೀರೂಲಿ ಇಡಬಾರ್ದಾ ಅತ್ತೆ?" ಎಂದು ಕೇಳಿದೆ. "ಬೀರೂಲಿ ಮಡಗುದ್ರೆ ಆಸ್ತಿ ಪತ್ರ ಆಗೋಯ್ತದೆ. ತಪ್ಪಲೇಲಿದ್ರೆ ಅಬ್ಬಕ್ಕೆ ಸಿಕ್ತದೆ" ಅಂದರು. ಹಾಳೆ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ನನ್ನದೇ ಅಕ್ಷರ. ಹೋದ ವರ್ಷ ಹಬ್ಬ ಮುಗಿದ ಮೇಲೆ, ಮುಂದೆ ಹುಡುಕುವವರಿಗೆ ತೊಂದರೆಯಾಗಬಾರದೆಂದು, ಈ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಸರಿಯಾದ ಊರನ್ನೂ ಅತ್ತೆ ನನ್ನಿಂದ ಬರೆಸಿದ್ದರು. ಮರೆತೇ ಹೋಗಿತ್ತು. ಪಿರಿಯಾಪಟ್ಟಣದೋಳು ಪಿರಿಯಾಪಟ್ಟಣದವಳಲ್ಲ ಎಂದು ನಮಗೆಲ್ಲ ಗೊತ್ತಾಗಿದ್ದೂ ಆವತ್ತೇ.

ಕೈ ಒರೆಸಿಕೊಂಡು ಫೋನಿನಲ್ಲಿ ಅರವತ್ತಮೂರನ್ನು ಒತ್ತಿದೆ. ಚೆನ್ನಾಜಮ್ಮ ಕೋಂ ಬಸಪ್ಪ, ಹನ್ನೊಂದು ಗುಂಟೆ. ಇದ್ದಾರೆ. ಈ ವರ್ಷವೂ ಹುರುಳಿಯೇ.

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಕೂಗು. "ಎಡತೊರೆ..." ಎಂದು ಎತ್ತಿದ ದನಿ ಅರ್ಧಕ್ಕೆ ನಿಂತಿತು. ಆಮೇಲೆ ನನ್ನ ಹೆಸರು ಬಂತು. ಅಪ್ಪ ಅವ್ವ ತೊಟ್ಟಿಲಲ್ಲಿಟ್ಟು ಕರೆದ ನನ್ನ ಹೆಸರು, ಪೂರ್ತಿಯಾಗಿ, ಅಡುಗೆಮನೆಯಿಂದ ಬಚ್ಚಲವರೆಗೆ.

ಕೇಳಿಸಿತು. ಇನ್ನೊಂದು ಸಲ ಕೂಗಲಿ ಎಂದು ಸುಮ್ಮನೆ ತಪ್ಪಲೆ ಉಜ್ಜುತ್ತ ಕೂತೆ.